ಒಂಬತ್ತು ವರ್ಷ ಪಾಠ ಮಾಡಿದ ಮೇಲೆ ಇನ್‌ಸ್ಟ್ರಕ್ಷನಲ್ ಡಿಸೈನ್‌ಗೆ ಹೋಗಬಹುದಾ?

ಪ್ರಶ್ನೆ: ನಾನು ಬಸವೇಶ್ವರನಗರದ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೇನೆ. ಬಿ.ಎಸ್ಸಿ., ಬಿ.ಇಡಿ. ಮಾಡಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇನ್‌ಸ್ಟ್ರಕ್ಷನಲ್ ಡಿಸೈನ್, ಅಂದರೆ ಪಾಠ, ತರಬೇತಿಗಳನ್ನು ರೂಪಿಸುವ ಕೆಲಸಕ್ಕೆ ಹೋದರೆ ಸಂಬಳ ಚೆನ್ನಾಗಿರುತ್ತೆ ಅಂತ ಗೆಳತಿಯೊಬ್ಬರು ಹೇಳಿದರು. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಒಂದಕ್ಕೆ 85 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಇಎಂಐ ಮಾಡಿಕೊಡುತ್ತಾರಂತೆ, ಕೆಲಸ ಗ್ಯಾರಂಟಿ ಅಂತಾರೆ. ಈ ತಿಂಗಳೇ ಸೇರಬೇಕಂತೆ. ನನಗೆ ಕೋಡಿಂಗ್ ಬರಲ್ಲ, ಇಂಗ್ಲಿಷ್ ಸುಮಾರು. ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತಾ ಅಂತ ನಮ್ಮ ಯಜಮಾನರು ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಕೋರ್ಸಿನ ವಿಷಯ ಮುಗಿಸೋಣ, ಅದಕ್ಕೆ ಗಡುವಿದೆ. ಈ ತಿಂಗಳು ದುಡ್ಡು ಕಟ್ಟಬೇಡಿ.

ಆ ಕೋರ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದನ್ನು ನಾನು ನೋಡಿಲ್ಲ. ಆದರೆ ಅವರಿಗೆ ಫೋನ್ ಮಾಡಿ ಮೂರು ಮಾತು ಕೇಳಿ. ಹೋದ ಬ್ಯಾಚಿನವರು ಮಾಡಿದ ಕೆಲಸ ತೋರಿಸ್ತೀರಾ? ನಾನು ಬರೆದ ಸ್ಟೋರಿಬೋರ್ಡನ್ನು (ಪ್ರತಿ ಪರದೆಯಲ್ಲಿ ಏನು ಕಾಣಬೇಕು, ಏನು ಕೇಳಬೇಕು ಅಂತ ಬರೆದ ಕರಡನ್ನು) ಯಾರು ಓದಿ ತಿದ್ದುತ್ತಾರೆ, ಎಷ್ಟು ಸಲ ತಿದ್ದುತ್ತಾರೆ? ಇಎಂಐ ಅಂದರೆ ಸಾಲ ಯಾರ ಹೆಸರಲ್ಲಿ? ಮೂರನೆಯದನ್ನು ಮರೆಯಲೇಬೇಡಿ. ಇಂಥ ಕೋರ್ಸುಗಳ ಇಎಂಐ ಎಷ್ಟೋ ಸಲ ಬೇರೊಂದು ಹಣಕಾಸು ಕಂಪನಿಯಿಂದ ನಿಮ್ಮ ಹೆಸರಲ್ಲಿ ತೆಗೆದ ಸಾಲವಾಗಿರುತ್ತದೆ. ಕೋರ್ಸ್ ಅರ್ಧಕ್ಕೆ ಬಿಟ್ಟರೂ ಕಂತು ಬಿಡುವುದಿಲ್ಲ. ಕೆಲಸ ಗ್ಯಾರಂಟಿ ಅನ್ನುವುದನ್ನು ಕಾಗದದ ಮೇಲೆ ಓದಿ. ಎಷ್ಟು ಸಂಬಳ, ಎಂಥ ಕೆಲಸ, ಸಿಗದಿದ್ದರೆ ದುಡ್ಡು ವಾಪಸ್ಸಾ, ಎಲ್ಲ ಬರೆದಿರಬೇಕು. ಬರೆದಿಲ್ಲ ಅಂದರೆ ಆ ಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಇನ್ನು ಕೆಲಸದ ವಿಷಯ. ನಾನು ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಾ ಹದಿನೆಂಟು ವರ್ಷ ಆಯಿತು. ಇದು ಏನು ಅಂತ ಹೊರಗಿನವರಿಗೆ ಹೇಳುವಾಗ ಎಲ್ಲರೂ 'ಆನ್‌ಲೈನ್ ಪಾಠ ತಯಾರು ಮಾಡೋದು' ಅಂತಾರೆ. ಆ ಉತ್ತರ ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ. ಯಾಕೆ ಅಂತ ಒಂದು ಪ್ರಸಂಗದಿಂದ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬ್‌ನವರು ನನ್ನ ಹತ್ತಿರ ಬಂದರು. ಅವರ ಹುಡುಗರು ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತ ತರುತ್ತಾರೆ. ಟ್ಯೂಬಿನ ಮೇಲೆ ಲೇಬಲ್ ಅಂಟಿಸುವುದರಲ್ಲಿ ತಪ್ಪಾಗುತ್ತಿತ್ತು. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಬಿದ್ದರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ. 'ಲೇಬಲ್ ಎಷ್ಟು ಮುಖ್ಯ ಅಂತ 40 ನಿಮಿಷದ ಒಂದು ಮಾಡ್ಯೂಲ್ ಮಾಡಿಕೊಡಿ' ಅಂದರು. ಮಾಡಿಕೊಟ್ಟೆ. ಚಿತ್ರ, ಧ್ವನಿ, ಕೊನೆಗೆ ಹತ್ತು ಪ್ರಶ್ನೆ. ಬಹುತೇಕ ಎಲ್ಲರೂ ಹತ್ತಕ್ಕೆ ಹತ್ತು ತೆಗೆದರು. ತಪ್ಪು ಕಮ್ಮಿ ಆಗಲಿಲ್ಲ.

ಆಮೇಲೆ ಒಂದು ದಿನ ಬೆಳಿಗ್ಗೆ ಆರೂವರೆಗೆ ವಿಜಯನಗರದಲ್ಲಿ ಒಬ್ಬ ಹುಡುಗನ ಜೊತೆ ಹೊರಟೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದು. ಒಂಬತ್ತು ಗಂಟೆಯೊಳಗೆ ಅವನು ಎಂಟು ಮನೆ ಮುಗಿಸಬೇಕು. ಊಟ ಮಾಡದೆ ಕಾಯುತ್ತಾ ಕೂತ ಸಕ್ಕರೆ ಕಾಯಿಲೆಯವರು ಬೇಗ ಬನ್ನಿ ಅಂತ ಫೋನ್ ಮಾಡುತ್ತಲೇ ಇರುತ್ತಾರೆ. ಬಾರ್‌ಕೋಡ್ ಬರಬೇಕಾದರೆ ಅವನು ಆ್ಯಪ್‌ನಲ್ಲಿ ದುಡ್ಡು ಕಟ್ಟಿದ್ದನ್ನು ನಮೂದಿಸಬೇಕು. ಹಳೇ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ನೆಟ್‌ವರ್ಕ್ ಇಲ್ಲ. ಅವನು ಪ್ಲಾಸ್ಟರ್ ಚೂರಿನ ಮೇಲೆ ಪೆನ್ನಿನಲ್ಲಿ ಹೆಸರು ಬರೆದು ಟ್ಯೂಬಿಗೆ ಸುತ್ತಿ, ಹೊರಗೆ ಬಂದು, ಬೈಕಿನ ಮೇಲೆ ಕೂತು ಲೇಬಲ್ ಅಂಟಿಸುತ್ತಿದ್ದ. ಲೇಬಲ್ ಮುಖ್ಯ ಅನ್ನುವುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಲ್ಯಾಬ್‌ನವರು ಬೆಳಿಗ್ಗೆಯೇ ಅಚ್ಚು ಹಾಕಿದ ಬಾರ್‌ಕೋಡ್ ಕೊಟ್ಟು ಕಳಿಸಲು ಶುರು ಮಾಡಿದರು. ನಾನು ಮಾಡಿದ್ದು ಒಂದು ಪುಟದ ಚಿತ್ರ. ನಾಲ್ಕು ಹೆಜ್ಜೆ, ಕನ್ನಡದಲ್ಲಿ, ಬ್ಯಾಗಿನ ಮುಚ್ಚಳದ ಒಳಗೆ ಅಂಟಿಸಿದ್ದು. ಮುಚ್ಚಳ ತೆಗೆದರೆ ಕಣ್ಣಿಗೆ ಬೀಳಬೇಕು. ತಪ್ಪುಗಳು ಇಳಿದವು. 40 ನಿಮಿಷದ ಮಾಡ್ಯೂಲನ್ನು ತೆಗೆದುಹಾಕಿ ಅಂತ ನಾನೇ ಹೇಳಿದೆ.

ಅಮೆರಿಕದ ರಾಬರ್ಟ್ ಮೇಗರ್ ಅನ್ನುವವರು ಇದಕ್ಕೆ ಒಂದು ಸರಳ ಪ್ರಶ್ನೆ ಕೊಟ್ಟಿದ್ದಾರೆ. ಪ್ರಾಣದ ಮೇಲೆ ಬಂದರೆ ಈ ಮನುಷ್ಯ ಆ ಕೆಲಸ ಮಾಡಬಲ್ಲನಾ? ಮಾಡಬಲ್ಲ ಅಂದರೆ ಅವನಿಗೆ ಪಾಠ ಬೇಕಿಲ್ಲ, ಅಡ್ಡಿ ಬೇರೆ ಎಲ್ಲೋ ಇದೆ. ಈ ಪ್ರಶ್ನೆ ಕೇಳುವುದಕ್ಕೂ, ಉತ್ತರ ಸಿಗುವವರೆಗೆ ಸ್ಲೈಡ್ ಮುಟ್ಟದೆ ಇರುವುದಕ್ಕೂ ಧೈರ್ಯ ಬೇಕು. ನಮ್ಮ ಕೆಲಸದಲ್ಲಿ ಸಂಬಳ ಕೊಡಬೇಕಾದ್ದು ಈ ಧೈರ್ಯಕ್ಕೆ ಅಂತ ನಾನು ನಂಬಿದ್ದೇನೆ.

ನಮ್ಮ ಈ ವೃತ್ತಿಯ ಬೇರು ಸೈನ್ಯದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಲಕ್ಷಾಂತರ ಜನರನ್ನು ಬೇಗ ತಯಾರು ಮಾಡಬೇಕಿತ್ತು. ಮನಶ್ಶಾಸ್ತ್ರಜ್ಞರನ್ನು ಕರೆಸಿದರು. ನೀವು ಬಿ.ಇಡಿ.ಯಲ್ಲಿ ಓದಿದ ರಾಬರ್ಟ್ ಗ್ಯಾನ್ಯೆ ಅವರಲ್ಲಿ ಒಬ್ಬರು. ಕಲಿಕೆಯ ಗುರಿಗಳನ್ನು ಹಂತ ಹಂತವಾಗಿ ಜೋಡಿಸಿದ ಬ್ಲೂಮ್ ಅವರ ವರ್ಗೀಕರಣ 1956ರದ್ದು, ಅದೂ ನಿಮಗೆ ಗೊತ್ತು. ಸಂದರ್ಶನದಲ್ಲಿ ಕೇಳುವ 'ಆ್ಯಡಿ' ಅನ್ನುವ ಐದು ಹಂತದ ಮಾದರಿ 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೇನೆಗಾಗಿ ಮಾಡಿದ ಕೆಲಸದಿಂದ ಬಂದದ್ದು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ, ಇಷ್ಟೇ. ಪಾಠಯೋಜನೆ ಬರೆದವರಿಗೆ ಅದರಲ್ಲಿ ಹೆದರುವಂಥದ್ದೇನೂ ಇಲ್ಲ.

ಅದೇ 1975ರಲ್ಲಿ ನಮ್ಮಲ್ಲೂ ಒಂದು ದೊಡ್ಡ ಪ್ರಯೋಗ ನಡೆಯಿತು, ಅದನ್ನು ಯಾವ ಕೋರ್ಸಿನವರೂ ಹೇಳುವುದಿಲ್ಲ. ನಾಸಾದ ಉಪಗ್ರಹವನ್ನು ಒಂದು ವರ್ಷ ಎರವಲು ಪಡೆದು ಇಸ್ರೋ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿತು. 'ಸೈಟ್' ಅಂತ ಅದರ ಹೆಸರು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಒಂದೇ ಚಿತ್ರಕ್ಕೆ ಎರಡು ಧ್ವನಿ ಕಳಿಸುವ ವ್ಯವಸ್ಥೆ ಇತ್ತು. ಹಾಗಾಗಿ ಒಂದು ಕಡೆ ತೆಲುಗು, ಇನ್ನೊಂದು ಕಡೆ ಕನ್ನಡ. ಮುಂದೆ 2004ರಲ್ಲಿ ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಹಾರಿದಾಗ ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆರಿಸಿಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. ಎಜುಕೇಷನಲ್ ಟೆಕ್ನಾಲಜಿ ಅಂದರೆ ಮೊಬೈಲ್ ಆ್ಯಪ್ ಅಂತ ತಿಳಿದುಕೊಂಡವರಿಗೆ ನಾನು ಈ ಕಥೆ ಯಾವಾಗಲೂ ಹೇಳುತ್ತೇನೆ. ಇದು ನಮ್ಮ ನೆಲದಲ್ಲಿ ಐವತ್ತು ವರ್ಷ ಹಳೆಯ ಕೆಲಸ.

ಈಗ ನಿಮ್ಮ ಕೈಯಲ್ಲಿ ಏನಿದೆ ನೋಡೋಣ. ಪೀನ ಮಸೂರದ ಕೆಳಗಿನ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪ್ರತಿಬಿಂಬ ಏನಾಗುತ್ತೆ? ಹತ್ತನೇ ತರಗತಿಯಲ್ಲಿ ಇದನ್ನು ಕೇಳಿದ್ದೀರಿ ಅಲ್ವಾ? ಕ್ಲಾಸಿನಲ್ಲಿ ಜಾಸ್ತಿ ಮಕ್ಕಳು 'ಅರ್ಧ ಮಾತ್ರ ಕಾಣುತ್ತೆ ಮಿಸ್' ಅಂತಾರೆ. ಪೂರ್ತಿ ಕಾಣುತ್ತೆ, ಬೆಳಕು ಕಮ್ಮಿ ಆಗುತ್ತೆ ಅಷ್ಟೇ. ಮಗು ಯಾಕೆ ಅರ್ಧ ಅನ್ನುತ್ತೆ ಅಂತ ನಿಮಗೆ ಗೊತ್ತು. ಅದರ ತಲೆಯಲ್ಲಿ ಪ್ರತಿಬಿಂಬ ಅನ್ನುವುದು ಇಡೀ ಚಿತ್ರವಾಗಿ ಮಸೂರದೊಳಗಿಂದ ಹಾದು ಹೋಗುತ್ತೆ. ವಸ್ತುವಿನ ಒಂದೊಂದು ಬಿಂದುವಿನಿಂದ ಹೊರಟ ಕಿರಣಗಳು ಇಡೀ ಮಸೂರದ ಮೇಲೆ ಬೀಳುತ್ತವೆ ಅನ್ನುವುದು ಅದಕ್ಕೆ ಹೊಳೆದಿಲ್ಲ. ಪುಸ್ತಕದಲ್ಲಿ ಎರಡೇ ಕಿರಣ ಎಳೆದು ತೋರಿಸುತ್ತೇವಲ್ಲ, ಅದೂ ಒಂದು ಕಾರಣ.

ಈ ಒಂದು ಪ್ಯಾರಾದಲ್ಲಿ ಇರುವುದನ್ನು ಇಂಜಿನಿಯರಿಂಗ್ ಮುಗಿಸಿ ಬಂದ ಹೊಸ ಹುಡುಗರಿಗೆ ಕಲಿಸಲು ನನಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅವರು ಪ್ರಶ್ನೆ ಬರೆದರೆ ಒಂದು ಸರಿ ಉತ್ತರ, ಮೂರು ಸುಮ್ನೆ ತುಂಬಿಸಿದ ಉತ್ತರ. ನೀವು ಬರೆದರೆ ಮೂರು ತಪ್ಪು ಉತ್ತರವೂ ಮೂರು ಬೇರೆ ಬೇರೆ ಮಕ್ಕಳ ತಲೆಯಿಂದ ಬಂದಿರುತ್ತವೆ. ಯಾವುದನ್ನು ಒತ್ತಿದರು ಅಂತ ನೋಡಿದರೆ ಮುಂದೆ ಏನು ಹೇಳಬೇಕು ಅಂತ ಗೊತ್ತಾಗುತ್ತೆ. ಒಂಬತ್ತು ವರ್ಷ ನೀವು ಕೂಡಿಟ್ಟಿದ್ದು ಇದು. ಅರ್ಜಿಯಲ್ಲಿ 'ಒಂಬತ್ತು ವರ್ಷದ ಬೋಧನಾ ಅನುಭವ' ಅಂತ ಒಂದು ಸಾಲು ಬರೆದು ಮುಗಿಸಬೇಡಿ.

ಹಾಗಂತ ಎಲ್ಲವೂ ಸುಲಭ ಅಂತ ಹೇಳಲಾರೆ. ಶಿಕ್ಷಕರು ಈ ಕಡೆ ಬಂದಾಗ ಒಂದು ಅಭ್ಯಾಸ ತುಂಬಾ ಕಾಡುತ್ತದೆ. ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸುತ್ತದೆ. ಕ್ಲಾಸಿನಲ್ಲಿ ಮಗುವಿನ ಮುಖ ನೋಡಿ ಮಾತು ನಿಲ್ಲಿಸುತ್ತೀರಿ. ಪರದೆಯ ಆಚೆ ಮುಖ ಕಾಣಲ್ಲ. ನಮ್ಮ ನೆನಪು ಒಂದು ಸಲಕ್ಕೆ ಹಿಡಿದುಕೊಳ್ಳುವುದು ತುಂಬಾ ಕಮ್ಮಿ, ಮನಶ್ಶಾಸ್ತ್ರಜ್ಞ ಜಾನ್ ಸ್ವೆಲರ್ 1988ರಿಂದ ಬರೆಯುತ್ತಾ ಬಂದದ್ದು ಇದನ್ನೇ. ಪರದೆಯ ಮೇಲೆ ಇರುವ ಸಾಲನ್ನೇ ಧ್ವನಿಯಲ್ಲೂ ಓದಿಸಿದರೆ ಕೇಳುವವರಿಗೆ ಕಷ್ಟವೇ ಜಾಸ್ತಿ. ಚಿತ್ರ ತೋರಿಸಿ, ಮಾತಿನಲ್ಲಿ ಹೇಳಿ, ಬರಹ ಕಮ್ಮಿ ಮಾಡಿ.

ಇನ್ನೊಂದು, ನೆನಪಿನಿಂದ ಹೊರಗೆ ತೆಗೆಸುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದೆ. ಒಂದು ವಾರದ ನಂತರ ಕೇಳಿದಾಗ ಬರೆದವರು ಮುಂದೆ. ಮಾಡ್ಯೂಲ್ ಮುಗಿದ ಕೂಡಲೇ ಕ್ವಿಜ್ ಇಟ್ಟು ಎಲ್ಲರೂ ಪಾಸು ಅಂತ ವರದಿ ಕೊಡುವವರು ಈ ಫಲಿತಾಂಶವನ್ನು ನೆನಪಿಟ್ಟುಕೊಳ್ಳಬೇಕು. ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದರು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಬಂತಾ. ನಮ್ಮ ಊರಿನ ಎಷ್ಟೋ ಕಂಪನಿಗಳು ಎರಡನೇ ಮೆಟ್ಟಿಲಿನಲ್ಲೇ ನಿಂತುಬಿಡುತ್ತವೆ. ಆ ಲ್ಯಾಬಿನ ಕೆಲಸದಲ್ಲಿ ನಾನೂ ಅಲ್ಲೇ ನಿಂತಿದ್ದೆ.

ಒಂದು ಎಚ್ಚರಿಕೆ. 'ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಬೇಕು' ಅಂತ ನೀವೂ ಕೇಳಿರುತ್ತೀರಿ. 2008ರಲ್ಲಿ ಹ್ಯಾರಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು ಅದುವರೆಗಿನ ಸಂಶೋಧನೆ ಜಾಲಾಡಿ, ಹಾಗೆ ಮಾಡುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದರು. ಸಂದರ್ಶನದಲ್ಲಿ ಯಾರಾದರೂ ಕೇಳಿದರೆ ಇದನ್ನು ಮರ್ಯಾದೆಯಿಂದ ಹೇಳಿ.

ಕೋಡಿಂಗ್ ಬೇಡ. ಸ್ಟೋರಿಲೈನ್, ರೈಸ್, ಕ್ಯಾಪ್ಟಿವೇಟ್ ಅಂತ ಆನ್‌ಲೈನ್ ಪಾಠ ಕಟ್ಟುವ ಸಾಧನಗಳಿವೆ. ಪವರ್‌ಪಾಯಿಂಟ್ ಚೆನ್ನಾಗಿ ಬಂದರೆ ಕೆಲವು ವಾರದಲ್ಲಿ ಕೈಗೆ ಬರುತ್ತವೆ. ಸ್ಟೋರಿಲೈನ್ ವಿಂಡೋಸ್ ಕಂಪ್ಯೂಟರಿಗೆ ಮಾತ್ರ, ಮೊದಲು ಕೆಲವು ದಿನ ಉಚಿತವಾಗಿ ಬಳಸಬಹುದು. ಸ್ಟೋರಿಬೋರ್ಡ್ ಕಾಗದದ ಮೇಲೆ ಪೂರ್ತಿ ಬರೆದು ಮುಗಿಸುವವರೆಗೆ ಆ ಉಚಿತ ಅವಧಿ ಶುರು ಮಾಡಬೇಡಿ. ಹೆಚ್5ಪಿ ಮತ್ತು ಮೂಡಲ್ ಮುಕ್ತ ತಂತ್ರಾಂಶಗಳು, ಅಭ್ಯಾಸಕ್ಕೆ ಸಾಕು. 'ಸ್ಕಾರ್ಮ್' ಅನ್ನುವ ಪದ ಪದೇ ಪದೇ ಕೇಳುತ್ತೀರಿ. ನೀವು ಮಾಡಿದ ಪಾಠ ಯಾವ ಕಂಪನಿಯ ಎಲ್‌ಎಂಎಸ್‌ನಲ್ಲಿ (ಪಾಠ ಇಟ್ಟು ನಡೆಸುವ ತಂತ್ರಾಂಶದಲ್ಲಿ) ಹಾಕಿದರೂ ಓಡಬೇಕು, ಯಾರು ಮುಗಿಸಿದರು ಅಂತ ಲೆಕ್ಕ ಬರೆಯಬೇಕು, ಅದಕ್ಕೆ ಇರುವ ಒಪ್ಪಂದ ಅದು. ಸದ್ಯಕ್ಕೆ ಅಷ್ಟು ಗೊತ್ತಿದ್ದರೆ ಸಾಕು.

ಇಂಗ್ಲಿಷ್ ಬಗ್ಗೆ ನೇರವಾಗಿ ಹೇಳುತ್ತೇನೆ. ವೈಟ್‌ಫೀಲ್ಡ್, ಔಟರ್ ರಿಂಗ್ ರೋಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಇಂಗ್ಲಿಷ್ ಬೇಕೇ ಬೇಕು. ಆದರೆ ಬೇಕಾದ್ದು ಚಿಕ್ಕ ವಾಕ್ಯದ, ಅನುಮಾನಕ್ಕೆ ಎಡೆಯಿಲ್ಲದ ಇಂಗ್ಲಿಷ್. ದಿನಾ ಒಂದು ಸೂಚನೆ ಬರೆದು ಅಭ್ಯಾಸ ಮಾಡಿ: ಕುಕ್ಕರ್ ಗ್ಯಾಸ್ಕೆಟ್ ಬದಲಿಸುವುದು, ಮೆಟ್ರೋ ಕಾರ್ಡ್ ರೀಚಾರ್ಜ್ ಮಾಡುವುದು. ಬೇರೆಯವರಿಗೆ ಕೊಟ್ಟು ಅವರು ಎಲ್ಲಿ ತಡವರಿಸುತ್ತಾರೆ ಅಂತ ನೋಡಿ, ಆ ಸಾಲನ್ನೇ ತಿದ್ದಿ.

ನಿಮ್ಮ ಕನ್ನಡವನ್ನು ಮಾತ್ರ ಕೊರತೆ ಅಂತ ಎಣಿಸಬೇಡಿ. ಈ ಊರಲ್ಲಿ ಪೀಣ್ಯದ ಕಾರ್ಖಾನೆಗಳಿವೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಇವೆ, ಆಸ್ಪತ್ರೆಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, ಲೈನ್‌ಮನ್‌ಗಳಿದ್ದಾರೆ. ಇವರಿಗೆ ಕೊಡುವ ತರಬೇತಿಯಲ್ಲಿ ಎಷ್ಟೋ ಭಾಗ ಇಂಗ್ಲಿಷಿನಿಂದ ಎಳೆದು ತಂದ ಕನ್ನಡ. 'ಯಂತ್ರವನ್ನು ಚಾಲನೆ ಮಾಡುವ ಮುನ್ನ ಸುರಕ್ಷತಾ ಸಾಧನಗಳ ಧಾರಣೆಯನ್ನು ಖಚಿತಪಡಿಸಿಕೊಳ್ಳಿ.' ಯಾರು ಹೀಗೆ ಮಾತಾಡುತ್ತಾರೆ? 'ಸೇಫ್ಟಿ ಕನ್ನಡಕ ಹಾಕ್ಕೊಂಡೇ ಮೆಷಿನ್ ಆನ್ ಮಾಡಿ' ಅಂದರೆ ಸಾಕು. ಕಣ್ಣು ಉಳಿಯುವುದು ಎರಡನೇ ಸಾಲಿನಿಂದ. ಇದನ್ನು ಬರೆಯಬಲ್ಲವರು ನಮ್ಮಲ್ಲಿ ಕಮ್ಮಿ ಇದ್ದಾರೆ, ಅದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ನಿಮ್ಮ ಯಜಮಾನರ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. 40 ಪುಟದ ಕಡತವನ್ನು ಸ್ಲೈಡ್ ಮಾಡುವುದು, ಹತ್ತು ಪ್ರಶ್ನೆ ಬರೆಯುವುದು, ಧ್ವನಿ ಕೊಡುವುದು, ಇದನ್ನೆಲ್ಲ ಎಐ ಈಗಾಗಲೇ ಮಾಡುತ್ತಿದೆ. ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದದ್ದು ಇದೇ ಕೆಲಸದಲ್ಲಿ. ಹಾಗಾಗಿ ಮೊದಲ ಬಾಗಿಲು ಕಿರಿದಾಗಿದೆ, ಅವರ ಭಯ ಸುಳ್ಳಲ್ಲ. ಆದರೆ ಬೆಳಿಗ್ಗೆ ಆರೂವರೆಗೆ ಆ ಹುಡುಗನ ಜೊತೆ ಹೋಗಿ ಪ್ಲಾಸ್ಟರ್ ಚೂರು ನೋಡುವ ಕೆಲಸ ಅದರಿಂದ ಆಗುವುದಿಲ್ಲ. ನೀವೂ ಎಐ ಬಳಸಿ. ಅದು ಬರೆದ ಮಸೂರದ ಪ್ರಶ್ನೆಯನ್ನು ನಿಮ್ಮ ಪ್ರಶ್ನೆಯ ಪಕ್ಕ ಇಟ್ಟು ನೋಡಿ, ವ್ಯತ್ಯಾಸವನ್ನು ಬರೆದಿಡಿ. ಸಂದರ್ಶನದಲ್ಲಿ ಅದೇ ಒಳ್ಳೆಯ ಮಾತು.

ಎಲ್ಲಿ ಕೆಲಸ ಹುಡುಕಬೇಕು? ಶಾಲಾ ಪಾಠದ ಆ್ಯಪ್ ಕಂಪನಿಗಳು ನಿಮ್ಮ ಮನಸ್ಸಿಗೆ ಮೊದಲು ಬಂದಿರಬಹುದು. ಕೊರೊನಾ ಕಾಲದಲ್ಲಿ ಅವು ಬೆಂಗಳೂರಿನಲ್ಲಿ ಶಿಕ್ಷಕರನ್ನು ಗುಂಪುಗುಂಪಾಗಿ ಸೇರಿಸಿಕೊಂಡವು. 2022ರಿಂದ ಅಷ್ಟೇ ವೇಗದಲ್ಲಿ ಮನೆಗೆ ಕಳಿಸಿದವು. ಒಳ್ಳೆಯ ಕೆಲಸ ಮಾಡಿದವರೂ ಹೋದರು. ಅಲ್ಲಿ ಸೇರುವ ಮುಂಚೆ ನಿಮ್ಮ ಹುದ್ದೆ ಪಾಠ ಕಟ್ಟುವುದಾ ಅಥವಾ ಪೋಷಕರಿಗೆ ಕೋರ್ಸ್ ಮಾರುವುದಾ ಅಂತ ಬಿಡಿಸಿ ಕೇಳಿ. ಇನ್ನೊಂದು ಕಡೆ, ವಿದೇಶದ ಗ್ರಾಹಕರಿಗೆ ತರಬೇತಿ ಮಾಡಿಕೊಡುವ ಸೇವಾ ಕಂಪನಿಗಳಿವೆ. ಕೆಲಸ ಜಾಸ್ತಿ, ಕಲಿಕೆಯೂ ಜಾಸ್ತಿ, ಮೊದಲ ಎರಡು ವರ್ಷಕ್ಕೆ ನನ್ನ ಆಯ್ಕೆ ಅದೇ. ದೊಡ್ಡ ಕಂಪನಿಗಳ ಒಳಗಿನ ಎಲ್ ಆ್ಯಂಡ್ ಡಿ, ಅಂದರೆ ಸಿಬ್ಬಂದಿಗೆ ತರಬೇತಿ ಕೊಡುವ ವಿಭಾಗ, ಅನುಭವ ಆದ ಮೇಲೆ. ಸರಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಸಂಸ್ಥೆಗಳನ್ನೂ ನೋಡಿ. ಅಜೀಂ ಪ್ರೇಮ್‌ಜಿ ಫೌಂಡೇಶನ್, ಅಕ್ಷರ ಫೌಂಡೇಶನ್, ಐಟಿ ಫಾರ್ ಚೇಂಜ್, ಎಕ್‌ಸ್ಟೆಪ್, ಎಲ್ಲವೂ ಇದೇ ಊರಿನಲ್ಲಿವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವ ದೀಕ್ಷಾ ಅನ್ನುವ ಸರಕಾರಿ ಕಲಿಕಾ ತಾಣ 2017ರಲ್ಲಿ ಶುರುವಾದದ್ದು. ಅದರ ಅಡಿಪಾಯದ ಸನ್‌ಬರ್ಡ್ ತಂತ್ರಾಂಶ ಎಕ್‌ಸ್ಟೆಪ್‌ನಿಂದ ಬಂತು. ಹುದ್ದೆಯ ಹೆಸರು ಒಂದೊಂದು ಕಡೆ ಒಂದೊಂದು. ಲರ್ನಿಂಗ್ ಡಿಸೈನರ್, ಕಂಟೆಂಟ್ ಡೆವಲಪರ್, ಕರಿಕ್ಯುಲಂ ಡಿಸೈನರ್ ಅಂತಲೂ ಹುಡುಕಿ.

ಪದವಿ ಬೇಕೆನಿಸಿದರೆ ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಜುಕೇಷನಲ್ ಟೆಕ್ನಾಲಜಿ ವಿಭಾಗವಿದೆ, ಐಐಟಿ ಬಾಂಬೆಯಲ್ಲಿ ಪಿಎಚ್‌.ಡಿ. ಮಾಡಬಹುದು. ಮೊದಲ ಕೆಲಸಕ್ಕೆ ಅದು ಬೇಕಿಲ್ಲ. ಬೇಕಾಗುವುದು ನೀವು ಮಾಡಿದ ಎರಡು ಮೂರು ಕೆಲಸ.

ಒಂದು, ಮಸೂರದ ಪಾಠ. ಆರು ನಿಮಿಷ ಮೀರಬಾರದು. ಮೊದಲು ಮಗು ಊಹಿಸಬೇಕು, ಆಮೇಲೆ ಕಾಗದ ಮುಚ್ಚಿ ನೋಡಬೇಕು, ಆಮೇಲೆ ಯಾಕೆ ಅಂತ ಅದೇ ಹೇಳಬೇಕು. ನಿಮ್ಮ ಶಾಲೆಯಲ್ಲೇ ಐದು ಮಕ್ಕಳ ಪಕ್ಕ ಕೂತು ನೋಡಿ, ಬಾಯಿ ತೆರೆಯಬೇಡಿ.

ಇನ್ನೊಂದು, ಕಸ. ಬೆಂಗಳೂರಿನಲ್ಲಿ ಎರಡು ಡಬ್ಬಿ ಒಂದು ಚೀಲ ಅನ್ನುವ ಪದ್ಧತಿ ಬಂದು ಎಷ್ಟೋ ವರ್ಷ ಆಯಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ಡೈಪರ್ ಪ್ಯಾಡ್‌ಗೆ ಕೆಂಪು, ಒಣ ಕಸಕ್ಕೆ ಚೀಲ. ಆದರೂ ಬೆಳಿಗ್ಗೆ ಗಾಡಿ ಬಂದಾಗ ಪೌರಕಾರ್ಮಿಕರು ಬರಿಗೈಯಲ್ಲಿ ಬೇರೆ ಮಾಡುವುದನ್ನು ನಾನು ಈಗಲೂ ನೋಡುತ್ತೇನೆ. ನಿಮ್ಮ ರಸ್ತೆಯ ಹತ್ತು ಮನೆ ತೆಗೆದುಕೊಳ್ಳಿ. ಒಂದು ವಾರ ಯಾವ ತಪ್ಪು ಆಗುತ್ತಿದೆ ಅಂತ ಬರೆದುಕೊಳ್ಳಿ. ಎಣ್ಣೆ ಅಂಟಿದ ಪಾರ್ಸೆಲ್ ಕವರ್ ಎಲ್ಲಿ ಹಾಕುತ್ತಾರೆ? ಒಡೆದ ಬಲ್ಬು? ಹಾಕುವವರು ಯಾರು, ಮನೆಯವರಾ, ಕೆಲಸದವರಾ? ಆಮೇಲೆ ಒಂದೇ ಒಂದು ಕಾರ್ಡ್ ಮಾಡಿ, ಡಬ್ಬಿಯ ಮೇಲೆ ಗೋಡೆಗೆ ಅಂಟಿಸಿ. ಮತ್ತೊಂದು ವಾರ ನೋಡಿ. ಮುಂಚೆ ಎಷ್ಟು, ಆಮೇಲೆ ಎಷ್ಟು. ತಪ್ಪು ಇಳಿಯದಿದ್ದರೂ ಹಾಗೇ ಬರೆಯಿರಿ, ಯಾಕೆ ಇಳಿಯಲಿಲ್ಲ ಅಂತ ನಿಮಗೆ ಅನಿಸಿದ್ದನ್ನೂ ಸೇರಿಸಿ. ಕೆಲಸಕ್ಕೆ ಜನ ಆರಿಸುವಾಗ ನಾನು ಮೊದಲು ತೆರೆದು ಓದುವುದು ಇಂಥ ಪುಟವನ್ನು.

ಮೂರನೆಯದಕ್ಕೆ ಸಮಯ ಸಿಕ್ಕರೆ, ನಿಮಗೇ ಶಾಲೆಯಲ್ಲಿ ಕೊಟ್ಟ ಯಾವುದಾದರೂ ಬೇಸರದ ತರಬೇತಿಯನ್ನು ತೆಗೆದುಕೊಂಡು ಮತ್ತೆ ಕಟ್ಟಿ.

ಶಾಲೆಯ ಕೆಲಸ ಈಗಲೇ ಬಿಡಬೇಡಿ. ಈ ಎರಡಕ್ಕೂ ನಿಮಗೆ ಮಕ್ಕಳು ಬೇಕು, ರಸ್ತೆ ಬೇಕು, ಸಂಜೆ ಒಂದು ಗಂಟೆ ಬೇಕು. ಮೊದಲ ಆಫರ್ ಬಂದಾಗ ಅದು ಕಾಯಂ ಕೆಲಸವಾ, ಗುತ್ತಿಗೆಯಾ, ಪಿಎಫ್ ಇದೆಯಾ, ಅಲ್ಲಿ ನಿಮ್ಮ ಬರಹವನ್ನು ತಿದ್ದುವ ಹಿರಿಯರು ಯಾರಿದ್ದಾರೆ ಅಂತ ಕೇಳಿ. ಹಿರಿಯರು ಇಲ್ಲದ ಕಡೆ ಸಂಬಳ ಸ್ವಲ್ಪ ಜಾಸ್ತಿ ಇದ್ದರೂ ಮೊದಲ ವರ್ಷಕ್ಕೆ ಬೇಡ. ಮಸೂರದ ಸ್ಟೋರಿಬೋರ್ಡ್ ಬರೆದು ಮುಗಿಸಿದ ಮೇಲೆ ನನಗೆ ಕಳಿಸಿ. ಆ ಐದು ಮಕ್ಕಳು ಏನೆಂದರು ಅನ್ನುವುದನ್ನೂ ಅವರ ಮಾತಿನಲ್ಲೇ ಬರೆದು ಕಳಿಸಿ, ಕೂತು ಓದಿ ತಿದ್ದಿಕೊಡುತ್ತೇನೆ.